ಯುದ್ಧದ ದುಃಖದಿಂದ ಹುಟ್ಟಿದ ವಿದ್ಯೆ

ಮನೆಯ ಹುಡುಗನೋ ಹುಡುಗಿಯೋ ಬಿ.ಎ. ಮುಗಿಸಿ, “ಮುಂದೆ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವೆನು” ಎಂದರೆ ಹಿರಿಯರು ಒಂದು ಕ್ಷಣ ಸುಮ್ಮನಾಗುವರು. ಕಾನೂನನ್ನು ಓದಿದವನು ವಕೀಲನಾಗುವನು, ವೈದ್ಯವನ್ನು ಓದಿದವನು ಡಾಕ್ಟರನಾಗುವನು. ದೇಶದೇಶಗಳ ವ್ಯಾಜ್ಯವನ್ನು ಓದಿದವನು ಏನಾಗುವನು? ಈ ಪ್ರಶ್ನೆಯು ತಳ್ಳಿಹಾಕತಕ್ಕುದಲ್ಲ. ಆದರೆ ಉತ್ತರವನ್ನು ಬಯಸುವವರು ಈ ವಿದ್ಯೆಯು ಹುಟ್ಟಿದ ಬಗೆಯನ್ನು ಮೊದಲು ತಿಳಿಯುವುದು ಲೇಸು.

ವೇಲ್ಸ್ ದೇಶದ ಪಶ್ಚಿಮ ಕರಾವಳಿಯಲ್ಲಿ ಅಬೆರಿಸ್ಟ್ವಿತ್ ಎಂಬ ಸಣ್ಣ ಊರಿರುವುದು. ಅಲ್ಲಿ 1872ರಲ್ಲಿ ಒಂದು ಕಾಲೇಜು ಸ್ಥಾಪಿತವಾಯಿತು. 1914ರ ಮಹಾಯುದ್ಧಕ್ಕೆ ಆ ಕಾಲೇಜಿನ ವಿದ್ಯಾರ್ಥಿಗಳು ಹೋದರು, ಹೋದವರೆಲ್ಲರೂ ಹಿಂದಿರುಗಲಿಲ್ಲ. ಅವರ ನೆನಪಿಗಾಗಿ ಡೇವಿಡ್ ಡೇವೀಸ್ ಎಂಬ ಶ್ರೀಮಂತರೂ ಅವರ ತಂಗಿಯರಾದ ಗ್ವೆಂಡೊಲಿನ್, ಮಾರ್ಗರೆಟ್ ಎಂಬವರೂ 20,000 ಪೌಂಡುಗಳನ್ನು ಕೊಟ್ಟು, 1919ರಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆಂದು ಒಂದು ಪ್ರಾಧ್ಯಾಪಕ ಪೀಠವನ್ನು ಏರ್ಪಡಿಸಿದರು. ಪ್ರಪಂಚದಲ್ಲಿ ಈ ವಿಷಯಕ್ಕೆ ಅದೇ ಮೊದಲನೆಯ ಪೀಠ. ಕಲ್ಲಿದ್ದಲ ಗಣಿಗಳಿಂದಲೂ ರೈಲುದಾರಿಗಳಿಂದಲೂ ಅಜ್ಜನು ಗಳಿಸಿದ್ದ ಹಣವದು. ಅಣ್ಣನು ಫ್ರಾನ್ಸಿನ ರಣರಂಗದಲ್ಲಿ ಒಂದು ಪಡೆಗೆ ನಾಯಕರಾಗಿದ್ದವರು; ತಂಗಿಯರು ಅದೇ ದೇಶದಲ್ಲಿ ಸೈನಿಕರ ಊಟೋಪಚಾರಗಳನ್ನು ನೋಡಿಕೊಂಡವರು. ನಮ್ಮ ಹಿಂದಿನವರು ಸತ್ತ ಯೋಧನಿಗೆ ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಇವರು ಒಂದು ಪಾಠವನ್ನು ನಿಲ್ಲಿಸಿದರು.

ಯುದ್ಧದ ಕಾರಣಗಳನ್ನು ಅರಿತರೆ ಯುದ್ಧವನ್ನು ತಡೆಯಬಹುದೆಂಬುದು ಡೇವೀಸರ ನಂಬಿಕೆ. ರಾಷ್ಟ್ರಸಂಘದ ಕೈಯಲ್ಲಿ ಪೋಲೀಸ್ ದಳವೊಂದಿರಬೇಕೆಂದು ಅವರು ವಾದಿಸುತ್ತಿದ್ದರು. ಆದರೆ ಅವರ ವಿರೋಧವಿದ್ದರೂ 1936ರಲ್ಲಿ ಆ ಪೀಠಕ್ಕೆ ನೇಮಕವಾದ ಇ. ಎಚ್. ಕಾರ್ ಎಂಬವರು ಬೇರೊಂದು ಮಾತನ್ನು ಆಡಿದರು. ಸುಮಾರು ಇಪ್ಪತ್ತು ವರ್ಷ ವಿದೇಶಾಂಗ ಕಚೇರಿಯಲ್ಲಿದ್ದು ಬಂದ ಅವರಿಗೆ ರಾಜ್ಯಗಳ ಸ್ವಾರ್ಥವು ಚೆನ್ನಾಗಿ ತಿಳಿದಿದ್ದಿತು. 1939ರಲ್ಲಿ, ಎರಡನೆಯ ಮಹಾಯುದ್ಧವು ಆರಂಭವಾದ ತಿಂಗಳಲ್ಲಿಯೇ, ಅವರ ‘ದಿ ಟ್ವೆಂಟಿ ಇಯರ್ಸ್ ಕ್ರೈಸಿಸ್’ ಎಂಬ ಗ್ರಂಥವು ಹೊರಬಂದಿತು. ಬಲಾಬಲಗಳನ್ನು ಗಣಿಸದೆ ಬರಿಯ ಸದಿಚ್ಛೆಯಿಂದ ಶಾಂತಿಯನ್ನು ಕಟ್ಟಲಾಗದು, ಬಲವೊಂದನ್ನೇ ನಂಬಿದವನಿಗೂ ದಾರಿ ಕಾಣದು ಎಂಬುದು ಅದರ ತಾತ್ಪರ್ಯ. ಕಾರ್ ಅವರೂ ಎಡವದವರೇನಲ್ಲ. 1938ರ ಮ್ಯೂನಿಕ್ ಒಪ್ಪಂದವನ್ನು ಮೆಚ್ಚಿ ಬರೆದ ಮಾತುಗಳನ್ನು ಅವರು ಎರಡನೆಯ ಆವೃತ್ತಿಯಲ್ಲಿ ಬಿಟ್ಟುಬಿಟ್ಟರು! ಆದರೂ ಅವರು 1947ರವರೆಗೆ ಆ ಪೀಠದಲ್ಲಿದ್ದರು. ದಾನಿಯ ಹಣವು ಪ್ರಾಧ್ಯಾಪಕರ ನಾಲಗೆಯನ್ನು ಕಟ್ಟಲಿಲ್ಲವೆಂಬುದೇ ಈ ಕಥೆಯಲ್ಲಿ ನಮಗೆ ಅತ್ಯಂತ ಪ್ರಿಯವಾದ ಭಾಗ.

ನಮ್ಮ ದೇಶದಲ್ಲಿ ಈ ವ್ಯಾಸಂಗಕ್ಕಾಗಿಯೇ 1955ರಲ್ಲಿ ದೆಹಲಿಯಲ್ಲಿ ಒಂದು ಸಂಸ್ಥೆಯು ಆರಂಭವಾಗಿ, 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸೇರಿತು. ಇತಿಹಾಸ, ಅರ್ಥಶಾಸ್ತ್ರ, ರಾಷ್ಟ್ರಗಳ ನಡುವಣ ಕಾನೂನು, ಇವೆಲ್ಲವೂ ಈ ವಿದ್ಯೆಯಲ್ಲಿ ಕೂಡಿರುವುವು. ರಾಯಭಾರ ಕಚೇರಿಯ ಹುದ್ದೆಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡ ತಂದೆತಾಯಿಗಳು ಒಂದು ಸಂಗತಿಯನ್ನು ತಿಳಿದಿರಬೇಕು: ಅದಕ್ಕಾಗಿ ಕೇಂದ್ರ ಲೋಕಸೇವಾ ಆಯೋಗವು ನಡೆಸುವ ಪರೀಕ್ಷೆಗೆ ಯಾವ ವಿಷಯದ ಪದವೀಧರರಾದರೂ ಕೂರಬಹುದು; ಇದೇ ಪದವಿ ಬೇಕೆಂಬ ನಿಯಮವಿಲ್ಲ. ಆದುದರಿಂದ ಹುದ್ದೆಯ ಮಾತನ್ನು ಸ್ವಲ್ಪ ಬದಿಗಿರಿಸಿ, ಚೀನದ ಭಾಷೆಯನ್ನೋ ರಷ್ಯದ ಭಾಷೆಯನ್ನೋ ವರ್ಷಗಟ್ಟಲೆ ಕುಳಿತು ಕಲಿಯುವ ತಾಳ್ಮೆಯು ಉಂಟೇ ಎಂದು ಮಗುವನ್ನು ಕೇಳಿನೋಡಿರಿ.