ಕಾಡಿನ ಕೂಗು, ಕಂಬದ ಗುರುತು

ನಾನು ಕಡೇಚೂರಿನವನು. ಯಾದಗಿರಿ ಜಿಲ್ಲೆಯ ಈ ಗಡಿನಾಡು ತೊಗರಿ, ಹತ್ತಿಗಳ ಬಯಲು. ದಟ್ಟ ಅರಣ್ಯವನ್ನು ಕಾಣಬೇಕಾದರೆ ನಾವು ಬಹುದೂರ ಹೋಗಬೇಕು. ಇಂಥವನಿಗೆ ಬಂಡೀಪುರ, ನಾಗರಹೊಳೆಗಳ ಚಿಂತೆ ಏತಕ್ಕೆಂದು ಓದುಗರು ಕೇಳಬಹುದು. ಕಾಡಿನಲ್ಲಿ ಆಪತ್ತಿಗೆ ಸಿಕ್ಕವನ ಕೂಗು ನಾಡಿಗೆ ಹೇಗೆ ಮುಟ್ಟಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ನಮ್ಮ ಬಯಲಿನಲ್ಲಿಯೇ ಇದೆಯೆಂಬುದು ನನ್ನ ಎಣಿಕೆ. ಯಾದಗಿರಿಯಿಂದ ರಾಯಚೂರಿಗೆ ಹೋಗುವ ರೈಲುಹಾದಿಯ ಪಕ್ಕದ ವಿದ್ಯುತ್ ಕಂಬಗಳನ್ನು ನೋಡಿರಿ. ಒಂದೊಂದರ ಮೇಲೂ ಎಷ್ಟನೆಯ ಕಿಲೋಮೀಟರು, ಅದರಲ್ಲಿ ಎಷ್ಟನೆಯ ಕಂಬ ಎಂಬ ಸಂಖ್ಯೆಯಿದೆ. ಹಳಿಯಲ್ಲಿ ಬಿರುಕು ಕಂಡ ಗ್ಯಾಂಗ್‌ಮನ್ ಆ ಸಂಖ್ಯೆಯನ್ನು ಹೇಳಿದರೆ ಸಾಕು, ಸ್ಟೇಷನ್ ಮಾಸ್ತರರಿಗೆ ಸ್ಥಳ ತಿಳಿದುಹೋಗುತ್ತದೆ.

ಆಪತ್ತಿನ ಕರೆಗೆ ಮೂರು ಕೊಂಡಿಗಳು: ಕರೆ ಹೊರಡಬೇಕು, ಸ್ಥಳ ತಿಳಿಯಬೇಕು, ನೆರವು ಬರಬೇಕು. ಊರುಗಳ ಮಟ್ಟಿಗೆ ನಾವು ಮುಂದುವರಿದಿದ್ದೇವೆ. 2008ರ ನವೆಂಬರಿನಲ್ಲಿ ಕರ್ನಾಟಕಕ್ಕೆ 108ರ ಆಂಬುಲೆನ್ಸ್ ಬಂದಿತು. 2018ರಿಂದೀಚೆಗೆ ರಾಜ್ಯ ರಾಜ್ಯಗಳಲ್ಲಿ 112 ಎಂಬ ಏಕಸಂಖ್ಯೆ ಜಾರಿಗೆ ಬಂದಿತು. ತನ್ನ ಕಂಪನಿಯ ಸಂಕೇತ ಸಿಗದೆಡೆಯಲ್ಲಿ ಬೇರೊಂದು ಕಂಪನಿಯ ಸಂಕೇತವನ್ನು ಹಿಡಿದು ತುರ್ತು ಕರೆ ಮಾಡುವ ಶಕ್ತಿ ಮೊಬೈಲ್ ಫೋನಿಗಿದೆ. ಆದರೆ ಯಾರ ಸಂಕೇತವೂ ಇಳಿಯದ ಕಣಿವೆಯಲ್ಲಿ 112 ಎಂಬುದು ಬರಿಯ ಅಂಕಿ.

ಈ ಕಷ್ಟ ಪ್ರವಾಸಿಗನದಷ್ಟೇ ಅಲ್ಲ. ಆತ ಸಫಾರಿಯ ಬಂಡಿಯಲ್ಲಿ ಹೋಗಿ ಬರುತ್ತಾನೆ. ದಿನವೂ ಕಾಲ್ನಡಿಗೆಯಲ್ಲಿ ಕಾಡನ್ನು ಸುತ್ತುವವನು ಕಾವಲುಗಾರ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚಿನೊಡನೆ ಹೋರಾಡುತ್ತ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತರು. 2018ರ ಮಾರ್ಚ್ 3ರಂದು ನಾಗರಹೊಳೆಯ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ ಅವರು ಆನೆಯ ದಾಳಿಗೆ ಬಲಿಯಾದರು. ಒಳ್ಳೆಯ ಕರೆವ್ಯವಸ್ಥೆ ಎಲ್ಲ ಸಾವನ್ನೂ ತಡೆಯಲಾರದು. ತಡವಾಗಿ ಬಂದ ನೆರವಿನಿಂದ ಆಗುವ ಸಾವನ್ನು ಮಾತ್ರ ಅದು ತಡೆಯಬಲ್ಲುದು. ಅಷ್ಟೇನು ಕಡಿಮೆಯೆ?

ಹಾಗಾದರೆ ಕಾಡಿನ ತುಂಬ ಮೊಬೈಲ್ ಗೋಪುರಗಳನ್ನು ನಿಲ್ಲಿಸೋಣವೆ? ಗೋಪುರದ ಹಿಂದೆಯೇ ರಸ್ತೆ, ವಿದ್ಯುತ್ತು, ಜನಸಂಚಾರ ಬರುತ್ತವೆ. ಯಾವುದನ್ನು ಕಾಯಬೇಕೆಂದು ಉದ್ಯಾನವನ್ನು ಮಾಡಿದೆವೋ ಅದೇ ಕೆಡುತ್ತದೆ. ಅರಣ್ಯದವರ ಕೈಯಲ್ಲಿ ವೈರ್‌ಲೆಸ್ ಇದೆ. ಅದರ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಗುಡ್ಡ ಅಡ್ಡವಾದರೆ ಮಾತು ತುಂಡಾಗುತ್ತದೆ. ಎತ್ತರದಲ್ಲಿ ಮರುಪ್ರಸಾರದ ಯಂತ್ರವೊಂದಿದ್ದರೆ ಗುಡ್ಡದಾಚೆಗೂ ಮುಟ್ಟುತ್ತದೆ. ಎಲ್ಲೆಲ್ಲಿ ಮಾತು ಮುಟ್ಟದೆಂಬುದನ್ನು ಗಸ್ತಿನವರೇ ನಡೆದು ನೋಡಿ ನಕ್ಷೆಯಲ್ಲಿ ಗುರುತಿಸುವುದು ಮೊದಲ ಕೆಲಸ.

ಎರಡನೆಯ ಕೊಂಡಿಯೇ ಹೆಚ್ಚು ಸಡಿಲವಾದುದು. ಎಲ್ಲ ಮರಗಳೂ ಒಂದೇ ರೀತಿ ಕಾಣುವಲ್ಲಿ 'ಎಲ್ಲಿದ್ದೀರಿ?' ಎಂಬ ಪ್ರಶ್ನೆಗೆ ಹೊಸಬನು ಏನು ಹೇಳಿಯಾನು? ಫೋನು ಉಪಗ್ರಹಗಳ ಸಹಾಯದಿಂದ ಅಕ್ಷಾಂಶ, ರೇಖಾಂಶಗಳನ್ನು ತೋರಿಸಬಲ್ಲುದು, ನಿಜ. ನೋವಿನಲ್ಲಿರುವವನು ಆ ಉದ್ದನೆಯ ಅಂಕಿಗಳನ್ನು ತಪ್ಪಿಲ್ಲದೆ ಓದಿ ಹೇಳುವುದು ಕಷ್ಟ. ಜರ್ಮನಿಯ ಕಾಡುಗಳಲ್ಲಿ ಇದಕ್ಕೆಂದೇ ರಕ್ಷಣಾ ಸ್ಥಳಗಳನ್ನು ಗೊತ್ತುಮಾಡಿ, ಫಲಕಗಳ ಮೇಲೆ ಸಂಖ್ಯೆ ಬರೆದಿದ್ದಾರೆ. ನಮ್ಮ ಕಾಡುದಾರಿಗಳಲ್ಲಿಯೂ ಅಂಥ ಕಲ್ಲುಗಳನ್ನು ನೆಡಬಹುದು. ಸಂಖ್ಯೆಯ ಜೊತೆಗೆ ಸೋಲಿಗರು, ಜೇನುಕುರುಬರು ಆ ಹಳ್ಳಕ್ಕೆ, ಆ ದಿಣ್ಣೆಗೆ ಇಟ್ಟ ಹೆಸರನ್ನೂ ಕೆತ್ತಿಸಬೇಕು. ನೆರವಿಗೆ ಓಡುವ ಸ್ಥಳೀಯನಿಗೆ ಹೆಸರೇ ದಾರಿ. ಅದೇ ಪಟ್ಟಿ 112ರ ಕೋಣೆಯಲ್ಲಿಯೂ ವಲಯ ಕಚೇರಿಯಲ್ಲಿಯೂ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇರತಕ್ಕದ್ದು.

ಉಳಿದುದು ನೆರವು. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿರ್ಬಂಧಿಸಿದಾಗ ಆಂಬುಲೆನ್ಸಿಗೆ ವಿನಾಯಿತಿ ಕೊಟ್ಟರು. ಆದರೆ ತನಿಖಾ ಠಾಣೆಯವನಿಗೆ ಸುದ್ದಿ ಮೊದಲೇ ಮುಟ್ಟಿದ್ದರೆ ತಾನೆ ಗೇಟು ಒಡನೆ ತೆರೆಯುವುದು? ಹಾವು ಕಚ್ಚಿದವನನ್ನು ಕರೆತರುವ ಮೊದಲೇ ವಿಷನಿರೋಧಕ ಔಷಧಿ ಯಾವ ಆಸ್ಪತ್ರೆಯಲ್ಲಿದೆ ಎಂದು ವಿಚಾರಿಸಿರಬೇಡವೆ? ಬೇಸಗೆಯ ಬೆಂಕಿ ಏಳುವ ಮುನ್ನ ವರ್ಷಕ್ಕೊಮ್ಮೆ ಕರೆಯಿಂದ ಆಸ್ಪತ್ರೆಯವರೆಗೆ ಎಲ್ಲವನ್ನೂ ಅಭ್ಯಾಸ ಮಾಡಿ, ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಬೇಕು.

ಇದರಲ್ಲಿ ಯಾವುದೂ ಹೊಸ ಶೋಧವಲ್ಲ. ಒಂದಿಷ್ಟು ಕಲ್ಲು, ಒಂದು ಪಟ್ಟಿ, ವರ್ಷಕ್ಕೊಂದು ದಿನದ ಶ್ರಮ. ಕೂಗು ಕೇಳಿಸಿತು, ಎಲ್ಲಿಂದ ಬಂದಿತೆಂಬುದು ಮಾತ್ರ ತಿಳಿಯಲಿಲ್ಲವೆಂದು ಕಾವಲುಗಾರನ ಮನೆಯವರಿಗೆ ಯಾರೂ ಹೇಳುವಂತಾಗಬಾರದು.