ಮಾವಿನ ತಿರುಳು: ತಗಡಿನ ಡಬ್ಬಿಯಿಂದ ಡ್ರಮ್ಮಿನ ಚೀಲಕ್ಕೆ

ಸಂಸ್ಕರಿಸಿದ ಹಣ್ಣು, ತರಕಾರಿಗಳ ಪ್ಯಾಕಿಂಗ್ ಚರಿತ್ರೆಯನ್ನು ಗಾಜು, ತಗಡು, ಕಾಗದ, ಪ್ಲಾಸ್ಟಿಕ್ ಎಂದು ವಸ್ತುಗಳ ಲೆಕ್ಕದಲ್ಲಿ ಹೇಳುವುದು ರೂಢಿ. ನನ್ನ ಪ್ರಕಾರ ದೊಡ್ಡ ತಿರುವು ಬಂದದ್ದು ಕೆಲಸದ ಕ್ರಮ ಬದಲಾದಾಗ. ಫ್ರಾನ್ಸಿನ ನಿಕೊಲಾ ಅಪೇರ್‌ಗೆ 1810ರಲ್ಲಿ ಸರ್ಕಾರದ 12,000 ಫ್ರಾಂಕ್ ಬಹುಮಾನ ತಂದುಕೊಟ್ಟ ವಿಧಾನದಲ್ಲಿ ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಬಿರಡೆ ಜಡಿದು, ಆಮೇಲೆ ಕುದಿನೀರಿನಲ್ಲಿ ಇಡಬೇಕಿತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಯನ್ನೂ ಒಳಗೊಂಡ ಪೇಟೆಂಟ್ ಪಡೆದ. ಪಾತ್ರೆ ಬದಲಾಯಿತು, ಮೊದಲು ಮುಚ್ಚಿ ಆಮೇಲೆ ಬೇಯಿಸುವ ಪದ್ಧತಿ ಹಾಗೇ ಉಳಿಯಿತು.

ಈ ಪದ್ಧತಿಯ ತೊಡಕು ಮಾವಿನ ತಿರುಳಿನಂಥ ಮಂದ ಪದಾರ್ಥದಲ್ಲಿ ಎದ್ದು ಕಾಣುತ್ತದೆ. ಡಬ್ಬಿಯ ನಡುವಿಗೆ ಶಾಖ ತಲುಪುವಷ್ಟರಲ್ಲಿ ಅಂಚಿನ ತಿರುಳು ಅತಿಯಾಗಿ ಬೆಂದು ಬಣ್ಣ, ಪರಿಮಳ ಕಳೆದುಕೊಳ್ಳುತ್ತದೆ. ಡಬ್ಬಿ ದೊಡ್ಡದಾದಷ್ಟೂ ಈ ನಷ್ಟ ಹೆಚ್ಚು. ಇದಕ್ಕೆ ಪರಿಹಾರ ಸಿಕ್ಕಿದ್ದು ಕ್ರಮವನ್ನೇ ತಿರುಗಿಸಿದಾಗ: ತಿರುಳನ್ನು ಕೊಳವೆಯಲ್ಲಿ ಹರಿಯುತ್ತಿರುವಾಗಲೇ ಸ್ವಲ್ಪ ಹೊತ್ತು ಬಿಸಿ ಮಾಡಿ, ಕೂಡಲೇ ತಣಿಸಿ, ಬೇರೆಯಾಗಿ ಶುದ್ಧಗೊಳಿಸಿದ ಪಾತ್ರೆಗೆ ಸೂಕ್ಷ್ಮಜೀವಿ ಸೋಕದಂತೆ ತುಂಬುವುದು. ಇದೇ ಅಸೆಪ್ಟಿಕ್ ವಿಧಾನ. ಇದನ್ನು ಹಣ್ಣು, ತರಕಾರಿಗಳ ಭಾರಿ ಪ್ರಮಾಣದ ಸಂಗ್ರಹ ಮತ್ತು ಸಾಗಣೆಗೆ ಒಗ್ಗಿಸಿದ್ದಕ್ಕಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ನೆಲ್ಸನ್‌ಗೆ 2007ರ ವಿಶ್ವ ಆಹಾರ ಪ್ರಶಸ್ತಿ ಬಂತು. ಇಂದು ಉಕ್ಕಿನ ಡ್ರಮ್ಮಿನೊಳಗಿನ ಒಂದೇ ಚೀಲದಲ್ಲಿ 200 ಕಿಲೋಗೂ ಹೆಚ್ಚು ತಿರುಳು ಹಿಡಿಯುತ್ತದೆ. ಚೀಲಕ್ಕೆ ಹಲವು ಪದರ, ತುಂಬಲು ಒಂದು ಪುಟ್ಟ ಬಾಯಿ. ಕೋಲಾರ, ಶ್ರೀನಿವಾಸಪುರದ ತೋತಾಪುರಿಯನ್ನೂ ಕೊಳ್ಳುತ್ತ ಬಂದಿರುವ ಚಿತ್ತೂರಿನ ಕಾರ್ಖಾನೆಗಳು ಕೆಲವು ವಾರಗಳ ಸುಗ್ಗಿಯನ್ನು ವರ್ಷವಿಡೀ ಮಾರುವುದು ಇಂಥ ಚೀಲಗಳ ಬಲದಿಂದಲೇ. 1985ರಲ್ಲಿ ಬಂದ ಫ್ರೂಟಿಯ ಕಾಗದದ ಪೊಟ್ಟಣವೂ ಇದೇ ತತ್ವದ್ದು.

ಗಾಜೇ ಶುದ್ಧ, ಅದಕ್ಕೇ ಮರಳಬೇಕು ಎನ್ನುವವರಿದ್ದಾರೆ. ತೊಳೆದು ಮತ್ತೆ ಬಳಸಬಹುದಾದ ಕಡೆ ಗಾಜು ಒಳ್ಳೆಯದೇ. ಆದರೆ ಅದು ಭಾರ, ದೂರದ ಸಾಗಣೆಯಲ್ಲಿ ಒಡೆಯುತ್ತದೆ. ಸುಗ್ಗಿಯಲ್ಲಿ ಒಮ್ಮೆಗೇ ಬಂದು ಬೀಳುವ ಲೋಡುಗಟ್ಟಲೆ ಹಣ್ಣನ್ನು ಅದರಲ್ಲಿ ಹಿಡಿದಿಡುವುದು ಕಷ್ಟ. ಇನ್ನೊಂದು ಆಕ್ಷೇಪಕ್ಕೆ ಮಾತ್ರ ತಲೆಬಾಗಲೇಬೇಕು. ಜ್ಯೂಸ್ ಪೊಟ್ಟಣದಲ್ಲಿ ರಟ್ಟು, ಪಾಲಿಥಿನ್, ಅಲ್ಯೂಮಿನಿಯಂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗಾಳಿ, ಬೆಳಕನ್ನು ತಡೆಯುವ ಈ ಪದರಗಳ ಜೋಡಣೆಯೇ ಮರುಬಳಕೆಗೂ ಅಡ್ಡಿ. ಕಾಗದದ ನಾರನ್ನು ನೀರಿನಲ್ಲಿ ಕದಡಿ ಬೇರ್ಪಡಿಸಬಹುದು, ಉಳಿದದ್ದನ್ನು ಒತ್ತಿ ಹಲಗೆ ಮಾಡಬಹುದು. ಆದರೆ ಪೊಟ್ಟಣ ಮೊದಲು ಮರುಬಳಕೆ ಘಟಕಕ್ಕೆ ತಲುಪಬೇಕಲ್ಲ. 2022ರ ಜುಲೈನಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿ ಕಾಗದದ ಸ್ಟ್ರಾ ಬಂತು, ಪೊಟ್ಟಣ ಹಾಗೇ ಉಳಿಯಿತು. ಹಿಂದೆ ತಂಪುಪಾನೀಯದ ಗಾಜಿನ ಬಾಟಲಿಗೆ ಅಂಗಡಿಯವರು ಠೇವಣಿ ಹಿಡಿಯುತ್ತಿದ್ದರು, ಬಾಟಲಿ ತಪ್ಪದೆ ವಾಪಸು ಬರುತ್ತಿತ್ತು. ಅದೇ ಠೇವಣಿಯನ್ನು ಈ ಪೊಟ್ಟಣಗಳ ಮೇಲೂ ಹಾಕಲಿ. ವಾಪಸು ಪಡೆಯುವ ಖರ್ಚನ್ನು ತಯಾರಿಸುವ ಕಂಪನಿಗಳೇ ಭರಿಸಲಿ.