ಬಟನ್‌ಗೆ ಸುದ್ದಿ ಮುಟ್ಟಿಸುವವರು ಯಾರು?

ಫೈಲ್ ಪೂರ್ತಿ ಲೋಡ್ ಆಗಿದೆ, ಹಸಿರು ಪಟ್ಟಿ ಕೊನೆ ಮುಟ್ಟಿದೆ. ಆದರೂ ‘ಸೇವ್’ ಬಟನ್ ಮಂಕಾಗಿಯೇ ಇದೆ. ಮೌಸನ್ನು ಅತ್ತಿತ್ತ ಆಡಿಸಿದರೆ ಏನೂ ಆಗುವುದಿಲ್ಲ. ಬೇಸತ್ತು ಪರದೆಯ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿದಿರೋ, ಬಟನ್‌ಗೆ ತಟ್ಟನೆ ಜೀವ ಬರುತ್ತದೆ. ವಿಂಡೋಸ್‌ನಲ್ಲಿ ಪರದೆ ಕಟ್ಟುವ ಚೌಕಟ್ಟಾದ ಡಬ್ಲ್ಯುಪಿಎಫ್‌ನಲ್ಲಿ ಪ್ರೋಗ್ರಾಂ ಬರೆಯುವವರಿಗೆ ಇದು ಹಳೆಯ ತಲೆನೋವು.

ಸದ್ಯಕ್ಕೆ ಒತ್ತಲಾಗದ್ದನ್ನು ಮಂಕಾಗಿಸಿ ತೋರಿಸುವ ಪದ್ಧತಿ 1984ರ ಮ್ಯಾಕಿಂಟಾಷ್ ಮೆನುಗಳಲ್ಲೇ ಇತ್ತು. ಮಂಕನ್ನು ಯಾವಾಗ ತೆಗೆಯಬೇಕು ಎಂಬುದೇ ಪ್ರಶ್ನೆ. ತೊಂಬತ್ತರ ದಶಕದ ವಿಂಡೋಸ್ ಚೌಕಟ್ಟಾದ ಎಂಎಫ್‌ಸಿ, ಮೆನು ತೆರೆದ ಗಳಿಗೆಯಲ್ಲಿ ಅದರ ಸಾಲುಗಳನ್ನು ವಿಚಾರಿಸುತ್ತಿತ್ತು. ಟೂಲ್‌ಬಾರ್ ಬಟನ್‌ಗಳನ್ನು ಪ್ರೋಗ್ರಾಂಗೆ ಕೆಲಸವಿಲ್ಲದ ಹೊತ್ತಿನಲ್ಲಿ. ಒರಟು ಉಪಾಯ, ಆದರೆ ನಂಬಬಹುದಾದದ್ದು.

2006ರಲ್ಲಿ ಬಂದ ಡಬ್ಲ್ಯುಪಿಎಫ್, ಆಜ್ಞೆಯನ್ನೇ ಒಂದು ವಸ್ತುವಾಗಿಸಿತು. ‘ಐಕಮಾಂಡ್’ನಲ್ಲಿ ಇರುವುದು ಮೂರೇ: ಕೆಲಸ ಮಾಡು, ಮಾಡಬಹುದೇ ಹೇಳು, ಉತ್ತರ ಬದಲಾದರೆ ತಿಳಿಸು. ಮೊದಲೆರಡನ್ನು ಎಲ್ಲರೂ ಬರೆಯುತ್ತಾರೆ. ಎಡವುವುದು ಮೂರನೆಯದರಲ್ಲಿ. 2009ರಲ್ಲಿ ಜಾಶ್ ಸ್ಮಿತ್ ಎಂಎಸ್‌ಡಿಎನ್ ಮ್ಯಾಗಜೀನ್‌ನಲ್ಲಿ ಬರೆದ ಐಕಮಾಂಡ್ ಕ್ಲಾಸ್ ‘ರಿಲೇಕಮಾಂಡ್’ ಈ ಹೊಣೆಯನ್ನು ಡಬ್ಲ್ಯುಪಿಎಫ್‌ನಲ್ಲೇ ಇರುವ ‘ಕಮಾಂಡ್‌ಮ್ಯಾನೇಜರ್’ಗೆ ಒಪ್ಪಿಸಿತು. ಸಾವಿರಾರು ಕೈಗಳು ಅದನ್ನು ನಕಲು ಮಾಡಿಕೊಂಡವು.

ಕಮಾಂಡ್‌ಮ್ಯಾನೇಜರ್ ಎಚ್ಚರಗೊಳ್ಳುವುದು ಕೀಲಿ ಒತ್ತಿ ಬಿಟ್ಟಾಗ, ಕ್ಲಿಕ್ ಮಾಡಿದಾಗ, ಫೋಕಸ್ ಬದಲಾದಾಗ. ಹಿನ್ನೆಲೆಯ ಥ್ರೆಡ್ ತನ್ನ ಕೆಲಸ ಮುಗಿಸಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಮತ್ತೆ ವಿಚಾರಿಸು ಎಂದು ‘ಇನ್‌ವ್ಯಾಲಿಡೇಟ್‌ರಿಕ್ವೆರಿಸಜೆಸ್ಟೆಡ್’ ಕರೆಯಬಹುದು. ಆದರೆ ಆ ಕರೆಯನ್ನು ಹಿನ್ನೆಲೆಯ ಥ್ರೆಡ್‌ನಿಂದಲೇ ಮಾಡಿದರೆ ದೋಷದ ಸಂದೇಶವೂ ಬಾರದು, ಬಟನ್ನೂ ಕದಲದು; ಕಮಾಂಡ್‌ಮ್ಯಾನೇಜರ್ ಥ್ರೆಡ್‌ಗೊಂದು ಇರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಕಾಡುವಂಥದ್ದು. ಕಮಾಂಡ್‌ಮ್ಯಾನೇಜರ್ ತನ್ನ ಕೇಳುಗರನ್ನು, ಎಂದರೆ ಹ್ಯಾಂಡ್ಲರ್‌ಗಳನ್ನು, ‘ವೀಕ್ ರೆಫರೆನ್ಸ್’ ಮೂಲಕ, ಸಡಿಲವಾಗಿ ಹಿಡಿದಿರುತ್ತದೆ. ಹ್ಯಾಂಡ್ಲರನ್ನು ಬೇರೆ ಯಾರೂ ಗಟ್ಟಿಯಾಗಿ ಹಿಡಿದಿಲ್ಲವಾದರೆ ಗಾರ್ಬೇಜ್ ಕಲೆಕ್ಟರ್ ಒಂದು ದಿನ ಅದನ್ನು ಗುಡಿಸಿ ಹಾಕುತ್ತದೆ. ಬೆಳಿಗ್ಗೆ ಸರಿಯಿದ್ದ ಕೋಡ್ ಮಧ್ಯಾಹ್ನ ಮೂಕವಾಗುವುದು, ನಿಮ್ಮ ಮೇಜಿನ ಮೇಲೆ ಕಾಣದ ದೋಷ ಗ್ರಾಹಕರ ಮೇಜಿನ ಮೇಲೆ ಕಾಣುವುದು ಹೀಗೆ.

ಟೈಮರ್ ಇಟ್ಟು ಪದೇ ಪದೇ ವಿಚಾರಿಸುವ ಪರಿಹಾರ ನನಗೆ ಒಪ್ಪಿಗೆಯಿಲ್ಲ. ಅದು ರೋಗವನ್ನು ಮುಚ್ಚಿಡುತ್ತದೆ, ಅಷ್ಟೆ. ಇಂದಿನ ಎಂವಿವಿಎಂ ಟೂಲ್‌ಕಿಟ್‌ನ ರಿಲೇಕಮಾಂಡ್ ಕಮಾಂಡ್‌ಮ್ಯಾನೇಜರ್‌ನ ಗೋಜಿಗೇ ಹೋಗುವುದಿಲ್ಲ. ಬದಲಾವಣೆಯನ್ನು ನಾವೇ ಸಾರಬೇಕು. ಇದೇ ಸರಿಯಾದ ದಾರಿ. ಗೆಳೆಯರೇ, ಸ್ಥಿತಿ ಬದಲಿಸುವ ಸಾಲಿನ ಕೆಳಗೇ ಆ ಸುದ್ದಿ ಮುಟ್ಟಿಸುವ ಸಾಲನ್ನೂ ಬರೆಯಿರಿ, ಅದು ಯುಐ ಥ್ರೆಡ್‌ನಲ್ಲೇ ನಡೆಯುವಂತೆ ನೋಡಿಕೊಳ್ಳಿ.